ಮಹಾರಾಜರದಲ್ಲದ ಮೋಟಾರು

ಚಾಮರಾಜನಗರ, ಗುಂಡ್ಲುಪೇಟೆಗಳ ಮನೆಗಳಲ್ಲಿ ತೂಗುವ ಹಳೆಯ ಫೋಟೋದಲ್ಲಿ ಮೋಟಾರು ಕಂಡರೆ ಸಾಕು, ‘ಮಹಾರಾಜರ ರೋಲ್ಸ್‌ರಾಯ್ಸ್’ ಎಂದು ತೀರ್ಪು ಕೊಡುವವರುಂಟು. ರೇಡಿಯೇಟರು, ಚಕ್ರ, ದೀಪಗಳನ್ನು ನೋಡಿ ಗಾಡಿಯ ಕುಲಗೋತ್ರ ಹುಡುಕುವವರನ್ನು ಕಂಡು, ಕೆಲಸವಿಲ್ಲದವರೆಂದು ನಗುವವರೂ ಇವರೇ. ಈ ನಗೆಯನ್ನು ನಾನು ಒಪ್ಪಲಾರೆ. ಓಲೆಗರಿಯ ಪಾಠ ತಿದ್ದುವುದು ವಿದ್ವತ್ತಾದರೆ ಇದೇಕೆ ಹುಚ್ಚು? ಫೋರ್ಡ್ ‘ಟಿ’ ತಯಾರಾದದ್ದು 1908ರಿಂದ 1927ರವರೆಗೆ. ಫೋರ್ಡ್ ವಿ-8 ಹುಟ್ಟಿದ್ದು 1932ರಲ್ಲಿ. ಫೋಟೋದಲ್ಲಿ ವಿ-8 ನಿಂತಿದ್ದರೆ ಅಡಿಯಲ್ಲಿ ಬರೆದ ‘1925’ ಸುಳ್ಳು. ‘ಟಿ’ ಕಂಡಿತೆಂದು 1927ಕ್ಕೆ ಮುಂಚಿನದೇ ಎನ್ನುವುದೂ ಸಲ್ಲದು. ಹಳೆಯ ಗಾಡಿ ಬಹುಕಾಲ ಓಡೀತು. ಸಾಲ ಮಾಡಿ ಅಜ್ಜ ಕೊಂಡ ಫೋರ್ಡನ್ನು ಅರಮನೆಗೆ ದಾನಮಾಡಿದರೆ ಅರಸರ ಕೀರ್ತಿಯೇನೂ ಬೆಳೆಯದು. ಅಜ್ಜನ ಚರಿತ್ರೆ ಮಾತ್ರ ಅಳಿದುಹೋಗುತ್ತದೆ.