ಹಸಿರು ಚುಕ್ಕೆಯೂ ಶ್ರಾವಕನ ವಿವೇಕವೂ

ಪೊಟ್ಟಣದ ಮೇಲೆ ಹಸಿರು ಚುಕ್ಕೆ ಕಂಡೊಡನೆ ನಮ್ಮ ಸಮಾಜವು ವಿಚಾರ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಬೆಂಗಳೂರಿನಿಂದ ಅರೆತಿಪ್ಪೂರಿನ ಬಾಹುಬಲಿಯ ದರ್ಶನಕ್ಕೆ ಹೊರಟ ಯಾತ್ರಿಕರು ಹಳೆಯ ಹೆದ್ದಾರಿಯ ಸೋಮನಹಳ್ಳಿಯಲ್ಲಿ ಕೊಳ್ಳುವ ಪಾನೀಯ, ಬಿಸ್ಕತ್ತುಗಳಿಂದ ಮೊದಲ್ಗೊಂಡು ಬಸದಿಯ ಅಡುಗೆಮನೆಯನ್ನು ಸೇರುವ ಸುಗಂಧಸಾರದ ಸೀಸೆಯವರೆಗೆ 'ನೈಸರ್ಗಿಕ ಪರಿಮಳ' ಎಂಬ ಎರಡು ಪದಗಳೇ ಪ್ರಮಾಣಪತ್ರವಾಗಿವೆ. ಆ ಪದಗಳ ಹಿಂದೆ ಏನಿದೆಯೆಂದು ಕೇಳುವವರು ವಿರಳ.

ಗುಂಡ್ಲುಪೇಟೆಯ ಹೊಲಗಳಲ್ಲಿ ಬಣ್ಣಕ್ಕಾಗಿ ಬೆಳೆಯುವ ಚೆಂಡುಹೂವಿನ ಲ್ಯೂಟೀನ್, ಕಂದಮೂಲವೆಂದು ನಾವು ತ್ಯಜಿಸುವ ಕ್ಯಾರೆಟ್ಟಿನ ಬೀಟಾ-ಕ್ಯಾರೊಟೀನ್, ಇವು 40 ಇಂಗಾಲ ಪರಮಾಣುಗಳ ವರ್ಣದ್ರವ್ಯಗಳು. ಈ ಸರಪಳಿಯು ತಕ್ಕ ಸ್ಥಾನದಲ್ಲಿ ತುಂಡಾದರೆ 13 ಇಂಗಾಲಗಳ ಬೀಟಾ-ಅಯೊನೋನ್ ಮೊದಲಾದ ಸುಗಂಧಗಳು ಹುಟ್ಟುತ್ತವೆ. ಕೇಸರಿಯ ಕಂಪೂ ಗಿಡವು ತನ್ನ ವರ್ಣದ್ರವ್ಯವನ್ನು ತಾನೇ ಒಡೆದು ಪಡೆದುದೇ. ಗಿಡದ ಈ ಕಾರ್ಯವನ್ನು ತೊಟ್ಟಿಯಲ್ಲಿ ಶಿಲೀಂಧ್ರ, ಯೀಸ್ಟ್, ಬ್ಯಾಕ್ಟೀರಿಯಗಳಿಂದ ಮಾಡಿಸುವುದೇ ಹೊಸ ವಿದ್ಯೆ. ಯೀಸ್ಟ್ ಲ್ಯೂಟೀನನ್ನು ಒಡೆದು ಬೀಟಾ-ಅಯೊನೋನ್ ನೀಡುತ್ತದೆಂದು ಮೆಕ್ಸಿಕೋದ ಸಂಶೋಧಕರು 2003ರಲ್ಲಿ ತೋರಿಸಿದರು. ಜೊತೆಗಿರುವ ಬ್ಯಾಕ್ಟೀರಿಯವು ಅದನ್ನು ಇನ್ನಷ್ಟು ಮಾರ್ಪಡಿಸುತ್ತದೆ. ದೊರೆತದ್ದು ತಂಬಾಕಿನ ಪರಿಮಳ! ಸೂಕ್ಷ್ಮಜೀವಿಗಳ ಮೂಲಕ ಪಡೆದ ಪರಿಮಳವನ್ನೂ 'ನೈಸರ್ಗಿಕ'ವೆಂದು ಕರೆಯಲು ಯುರೋಪಿಯನ್ ಒಕ್ಕೂಟದ 2008ರ ಕಾನೂನು ಅವಕಾಶವಿತ್ತಿದೆ.

ಮದ್ಯವು ತ್ಯಾಜ್ಯವಾದುದು ಅಮಲಿನ ಕಾರಣದಿಂದ ಮಾತ್ರವಲ್ಲ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅದನ್ನು ರಸಜ ಜೀವಿಗಳ ಉತ್ಪತ್ತಿಸ್ಥಾನವೆಂದು ಗುರುತಿಸಿದರು. ಸೂಕ್ಷ್ಮದರ್ಶಕಕ್ಕಿಂತ ಎಷ್ಟೋ ಶತಮಾನ ಮೊದಲಿನ ಆ ದೃಷ್ಟಿಗೆ ವಾರಸುದಾರರಾದ ನಾವು, ಕೋಟ್ಯಂತರ ಜೀವಿಗಳನ್ನು ಉದ್ದೇಶಪೂರ್ವಕವಾಗಿ ಬೆಳೆಸಿ, ಕೆಲಸ ಮುಗಿದ ಬಳಿಕ ನಾಶಪಡಿಸುವ ತೊಟ್ಟಿಯ ಮುಂದೆ ಕಣ್ಣು ಮುಚ್ಚಬಹುದೇ? ಅವುಗಳಿಗೆ ಉಣಿಸುವ ಪೆಪ್ಟೋನ್ ಸೋಯಾದಿಂದಲೂ ಹಾಲಿನಿಂದಲೂ ಬರಬಹುದು, ಪ್ರಾಣಿಗಳ ಮಾಂಸದಿಂದಲೂ ಬರಬಹುದು. ಹಸಿರು ಚುಕ್ಕೆಯ ಕಡ್ಡಾಯ ನಿಯಮವು ಪ್ರಾಣಿ, ಪಕ್ಷಿ, ಜಲಚರ, ಮೊಟ್ಟೆಗಳನ್ನು ಎಣಿಸುತ್ತದೆ, ಸೂಕ್ಷ್ಮಜೀವಿಗಳನ್ನು ಎಣಿಸುವುದಿಲ್ಲ. ಅದು ಸರ್ಕಾರದ ಗುರುತು, ಶ್ರಾವಕಾಚಾರವಲ್ಲ.

"ಹಾಗಾದರೆ ಮೊಸರಿನಲ್ಲಿ ಜೀವಿಗಳಿಲ್ಲವೇ?" ಎಂದು ಯುವಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದುದರಿಂದಲೇ ನಮ್ಮ ಹಿರಿಯರು ಮೊಸರಿಗೆ ಕಾಲದ ಮರ್ಯಾದೆಯನ್ನು ವಿಧಿಸಿದರು. ಹೆಪ್ಪು ಹಾಕಿದವರಾರು, ಯಾವಾಗ ಹಾಕಿದರು ಎಂಬುದು ತಿಳಿದಿದ್ದರೆ ಮಾತ್ರ ಮರ್ಯಾದೆಯನ್ನು ಪಾಲಿಸಲು ಸಾಧ್ಯ. ಪರಿಮಳದ ಸೀಸೆಯಲ್ಲಿ ಈ ಅರಿವಿಗೇ ಆಸ್ಪದವಿಲ್ಲ. ಅರಿವಿಲ್ಲದೆಡೆ ವ್ರತವೆಲ್ಲಿ?

"ರಾಶಿ ರಾಶಿ ಹೂಗಳನ್ನು ಹಿಂಡುವುದಕ್ಕಿಂತ ಇದರಲ್ಲಿ ಹಿಂಸೆ ಕಡಿಮೆ" ಎಂಬುದು ಇನ್ನೊಂದು ವಾದ. ಹೂವಿನೊಡನೆ ಹೋಗುವ ಕೀಟಗಳ ಲೆಕ್ಕ ಹಿಡಿದರೆ ಈ ಮಾತಿನಲ್ಲಿ ತಥ್ಯವಿದೆ; ತ್ರಸಜೀವಿಯ ಘಾತವೂ ಏಕೇಂದ್ರಿಯದ ಘಾತವೂ ಸಮಾನವೆಂದು ನಾವೆಂದೂ ಹೇಳಿಲ್ಲ. ಆದರೆ ಈ ವಾದವು ನಮ್ಮನ್ನು ಎರಡೇ ಬಾಗಿಲುಗಳ ಮುಂದೆ ನಿಲ್ಲಿಸಿ, ಮೂರನೆಯದನ್ನು ಮರೆಮಾಡುತ್ತದೆ. ಆ ಪರಿಮಳವಿಲ್ಲದೆಯೇ ಬದುಕಬಹುದಲ್ಲ! ಔಷಧಕ್ಕಾಗಿ ಆಗುವ ಆರಂಭಹಿಂಸೆಯೊಡನೆ ನಾಲಿಗೆಯ ಚಪಲಕ್ಕಾಗಿ ಆಗುವ ಹಿಂಸೆಯನ್ನು ಒಂದೇ ತಕ್ಕಡಿಯಲ್ಲಿಡಲಾಗದು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದೇ ಅನರ್ಥದಂಡವಿರತಿ. ಭೋಗಕ್ಕೆ ಎಲ್ಲೆ ಹಾಕುವುದೇ ಭೋಗೋಪಭೋಗ ಪರಿಮಾಣ. ಇವು ಸ್ವಾಧ್ಯಾಯದಲ್ಲಿ ಓದಿ ಮುಚ್ಚಿಡುವ ಪದಗಳಲ್ಲ, ಅಂಗಡಿಯಲ್ಲಿ ಆಚರಿಸಬೇಕಾದ ವ್ರತಗಳು.

ಆದ್ದರಿಂದ ಬಸದಿಗಳ ಆಡಳಿತ ಮಂಡಳಿಗಳು ಮೊದಲು ತಮ್ಮ ಉಗ್ರಾಣವನ್ನು ಪರಿಶೀಲಿಸಲಿ. ಪರಿಮಳದ ಮೂಲವೇನು, ಯಾವ ಜೀವಿಯಿಂದ ಮಾಡಿಸಿದುದು, ಅದಕ್ಕೆ ಉಣಿಸಿದುದೇನು ಎಂಬ ಮೂರು ಪ್ರಶ್ನೆಗಳನ್ನು ಸರಬರಾಜುದಾರರಿಗೆ ಲಿಖಿತವಾಗಿ ಕೇಳಲಿ. ಉತ್ತರ ಬಾರದ ಸೀಸೆಯು ಬಸದಿಯ ಹೊಸ್ತಿಲು ದಾಟದಿರಲಿ. ಸಂಘದ ಊಟಕ್ಕೆ ಏಲಕ್ಕಿ ಸಾಲದೇ? ಮನೆಯ ಪಾಯಸಕ್ಕೆ ಎರಡು ಎಸಳು ಕೇಸರಿ ಸಾಲದೇ? ಇಷ್ಟನ್ನೂ ಕೇಳಲು ಸಂಕೋಚಪಡುವ ಸಮಾಜವು ಅಹಿಂಸೆಯ ಧ್ವಜವನ್ನು ಯಾವ ಕೈಯಿಂದ ಹಿಡಿದೀತು?