ಹೆಣ್ಣುಮಕ್ಕಳಿಗೂ ಗಾಡಿ ಕಲಿಸಿ

ಬೈಕ್ ರೇಸ್ ಬರೀ ಗಂಡಸರದ್ದು ಅಂತಾರೆ. ಅದು ತಪ್ಪು. ಬೆಂಗಳೂರಿನ ಐಶ್ವರ್ಯ ಪಿಸ್ಸೆ ಅವರು 2018ರಲ್ಲಿ ಸ್ಪೇನ್ ದೇಶದ ರೇಸಿನಲ್ಲಿ ಬಿದ್ದು ಬಹಳ ಪೆಟ್ಟು ಮಾಡಿಕೊಂಡರು. ಆದರೂ ಬಿಡದೆ 2019ರಲ್ಲಿ ಬಾಜಾ ರೇಸಿನ ಮಹಿಳಾ ವಿಶ್ವಕಪ್ ಗೆದ್ದರು. ಮೋಟಾರು ರೇಸಿನಲ್ಲಿ ವಿಶ್ವಕಪ್ ಗೆದ್ದ ಮೊದಲ ಭಾರತೀಯರು ಅವರೇ.

ನಮ್ಮ ಹಿರಿಯೂರು ಕಡೆ ಹುಡುಗರು ಹೆಲ್ಮೆಟ್ ಇಲ್ಲದೆ ಹೆದ್ದಾರೀಲಿ ಬೈಕ್ ಓಡಿಸ್ತಾರೆ. ಯಾರೂ ಬೈಯಲ್ಲ. ನಮ್ಮಕ್ಕ ಸೈಕಲ್ ಕೇಳಿದರೆ ಮಾತ್ರ ‘ಹೆಣ್ಣುಮಗಳಿಗ್ಯಾಕೆ?’ ಅಂತಾರೆ. ಬಸ್ಸು ತಪ್ಪಿದ ದಿನ ಅವಳಿಗೆ ಹೈಸ್ಕೂಲೂ ತಪ್ಪುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ಈಗ ಎಲ್ಲರಿಗೂ ಸೈಕಲ್ ಕಲಿಸಿ. 18 ತುಂಬಿದ ಮೇಲೆ ಲೈಸೆನ್ಸು, ಹೆಲ್ಮೆಟ್ಟು, ಆಮೇಲೆ ಬೈಕು. ಹುಡುಗರಿಗೂ ಹುಡುಗಿಯರಿಗೂ ಒಂದೇ ನಿಯಮ ಇರಲಿ.

– 7ನೇ ತರಗತಿ ವಿದ್ಯಾರ್ಥಿನಿ