ಬಾಯ್ಲರ್‌ಗೆ ಕಸ ಹಾಕಿದ್ರ, ಬೂದಿ ಯಾರ ಹೊಲಕ್ಕ?

ಕಲ್ಲಿದ್ದಲಿನ ಜೊತೆ ಪಟ್ಟಣದ ಒಣ ಕಸ ಸುಡುವುದು ಕೈಗಾರಿಕೆಯವರ ವಿಷಯ, ನಮಗೇನು ಸಂಬಂಧ ಅಂತ ಭಾಳ ಜನ ರೈತರು ಅಂದುಕೊಂಡಾರ. ನನ್ನ ಅಭಿಪ್ರಾಯ ಬೇರೆ. ಹೊಗೆ ಗಾಳಿಗೆ ಹೋಗ್ತದ, ಬೂದಿ ಮಾತ್ರ ಟ್ರ್ಯಾಕ್ಟರ್ ಹತ್ತಿ ನಮ್ಮ ಹೊಲಕ್ಕೇ ಬರ್ತದ.

ಮೊದಲು ಆರ್‌ಡಿಎಫ್ ಅಂದ್ರೇನು ನೋಡ್ರಿ. ಮರುಬಳಕೆಗೆ ಬಾರದ ಪ್ಲಾಸ್ಟಿಕ್, ಕಾಗದ, ಬಟ್ಟೆ ಚೂರುಗಳನ್ನು ಕಸದಿಂದ ಬೇರ್ಪಡಿಸಿ, ಒಣಗಿಸಿ, ಕತ್ತರಿಸಿ ಮಾಡಿದ ಇಂಧನ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಆರ್‌ಡಿಎಫ್ ಘಟಕದಿಂದ 100 ಕಿ.ಮೀ. ಒಳಗಿರುವ, ಇಂಧನ ಬಳಸುವ ಕೈಗಾರಿಕೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇ. 5ರಷ್ಟು ಇದನ್ನು ಬಳಸಬೇಕಿತ್ತು. 2026ರ ಹೊಸ ನಿಯಮಗಳು ಆರು ವರ್ಷದಲ್ಲಿ ಈ ಪ್ರಮಾಣವನ್ನು ಶೇ. 15ಕ್ಕೆ ಏರಿಸುತ್ತವೆ. ಅಂದ್ರ ಈ ಇಂಧನ ಹೆಚ್ಚು ಹೆಚ್ಚು ಬಾಯ್ಲರ್‌ಗಳ ಬಾಗಿಲಿಗೆ ಬರೋದು ಖಚಿತ.

ನಮ್ಮ ಕರೋಶಿ ಇರೋದು ಕಬ್ಬಿನ ಸೀಮೆಯಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ನೋಡಿದ್ರೂ ಕಬ್ಬು. ಒಂದು ಟನ್ ಕಬ್ಬು ಅರೆದ್ರ ಸುಮಾರು 300 ಕೆ.ಜಿ. ಹಸಿ ಸಿಪ್ಪೆ ಸಿಗ್ತದ, ಸಕ್ಕರೆ ಕಾರ್ಖಾನೆ ಬಾಯ್ಲರ್ ಉರಿಯೋದು ಅದರಿಂದಲೇ. ಆ ಸಿಪ್ಪೆಯ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಜೊತೆಗೆ ಒಂದಿಷ್ಟು ಪೊಟ್ಯಾಷ್, ರಂಜಕ. ಹೊಲದಿಂದ ಹೋದದ್ದು ಹೊಲಕ್ಕೇ ಬಂತು. ಪ್ರೆಸ್‌ಮಡ್ ಜೊತೆ ಇದನ್ನು ಹಾಕುವುದರಲ್ಲಿ ತಪ್ಪೇನಿಲ್ಲ.

ಕಸ ಸೇರಿದ ಬೂದಿಯ ಲೆಕ್ಕ ಬೇರೆ. ಬಣ್ಣದ ಪ್ಲಾಸ್ಟಿಕ್, ಮುದ್ರಿತ ಕವರ್, ರೆಕ್ಸಿನ್, ವೈರಿನ ಚೂರುಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಲೋಹ ಸುಟ್ಟು ನಾಶ ಆಗೋದಿಲ್ಲ, ಬೂದಿಯಲ್ಲಿ ಗಟ್ಟಿಯಾಗಿ ಉಳೀತದ. ಸೀಸ ಮೇಲ್ಮಣ್ಣಿನಲ್ಲೇ ಕೂರ್ತದ, ಕ್ಯಾಡ್ಮಿಯಂ ಅನ್ನು ಪಾಲಕದಂಥ ಸೊಪ್ಪು ಸುಲಭವಾಗಿ ಹೀರಿಕೊಳ್ಳುತ್ತದೆ. ಪಿವಿಸಿ ಪ್ಲಾಸ್ಟಿಕ್‌ನಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಅದು ಕಡಿಮೆ ಶಾಖದಲ್ಲಿ ಅರೆಬರೆ ಉರಿದ್ರ ಡಯಾಕ್ಸಿನ್ ಹುಟ್ಟುತ್ತದೆ.

“ಸಿಮೆಂಟ್ ಕಾರ್ಖಾನೆಯವರು ಸುಡ್ತಾರಲ್ಲ?” ಅಂತ ಕೇಳಬಹುದು. ಹೌದು. ಸಿಮೆಂಟ್ ಗೂಡಿನೊಳಗೆ ಕಚ್ಚಾವಸ್ತು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖ ಕಾಣ್ತದ, ಬೂದಿ ಕ್ಲಿಂಕರ್‌ನಲ್ಲೇ ಸೇರಿಹೋಗ್ತದ. ಸಾಮಾನ್ಯ ಬಾಯ್ಲರ್‌ನಲ್ಲಿ ಅಷ್ಟು ಶಾಖ ಇಲ್ಲ, ಬೂದಿ ಹೊರಗೇ ಬರ್ತದ. ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ ಕಾಗದದ ಮಿಲ್ಲುಗಳ ಬಾಯ್ಲರ್‌ಗೆ ಆರ್‌ಡಿಎಫ್ ಹಾಕುವುದರ ವಿರುದ್ಧ ರೈತರೇ ಬೀದಿಗೆ ಇಳಿದದ್ದು ಸುಮ್ಮನೆ ಅಲ್ಲ. ಅದೂ ನಮ್ಮಂಗ ಕಬ್ಬಿನ ಸೀಮೆ.

ಹಂಗಂತ ಆರ್‌ಡಿಎಫ್ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ಕಸದ ಗುಡ್ಡಕ್ಕೆ ಬೆಂಕಿ ಹತ್ತಿ ವಾರಗಟ್ಟಲೆ ಹೊಗೆಯಾಡೋದು ಇದಕ್ಕಿಂತ ಕೆಟ್ಟದ್ದು. ನನ್ನ ವಾದ ಇಷ್ಟೇ: ಸರಿಯಾದ ಶಾಖ, ಹೊಗೆ ಶೋಧಕ, ನಿರಂತರ ಅಳತೆ ಇಲ್ಲದ ಬಾಯ್ಲರ್‌ಗೆ ಇದು ಹೋಗಬಾರದು. ಎಲ್ಲೇ ಸುಟ್ಟರೂ ಆ ಬೂದಿ ಗೊಬ್ಬರದ ಹೆಸರಿನಲ್ಲಿ ಹೊಲಕ್ಕೆ ಬರಲೇಬಾರದು.

ನೀವು ಮಾಡಬೇಕಾದದ್ದು ನಾಲ್ಕು:

1. ಬೂದಿ ಪುಕ್ಕಟೆ ಸಿಕ್ಕರೂ, “ಯಾವ ಬಾಯ್ಲರಿಂದು? ಈ ತಿಂಗಳು ಏನೇನು ಸುಟ್ಟೀರಿ?” ಅಂತ ಕೇಳ್ರಿ. ಸರಿ ಉತ್ತರ ಬರದಿದ್ರ ಟ್ರಾಲಿ ವಾಪಸ್ ಕಳಿಸ್ರಿ.

2. ಕಾರ್ಖಾನೆಗೆ ಯಾವ ಇಂಧನಕ್ಕೆ ಅನುಮತಿ ಇದೆ ಅನ್ನೋದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಇರ್ತದ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪ್ರತಿ ಪಡೀರಿ.

3. ಮಣ್ಣು ಆರೋಗ್ಯ ಚೀಟಿ ನಂಬಿ ಕೂರಬೇಡ್ರಿ. ಅದರ 12 ಅಂಶಗಳಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲ. ಅನುಮಾನ ಇದ್ರ ಭಾರಲೋಹ ಪರೀಕ್ಷೆ ಅಂತ ಬಿಡಿಸಿ ಕೇಳ್ರಿ. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಕಾಂಪೋಸ್ಟ್‌ಗೆ ಇರುವ ಮಿತಿ ಕೆ.ಜಿ.ಗೆ ಸೀಸ 100 ಮಿ.ಗ್ರಾಂ., ಕ್ಯಾಡ್ಮಿಯಂ 5 ಮಿ.ಗ್ರಾಂ. ಬೂದಿಯ ವರದಿಯನ್ನು ಇದರ ಜೊತೆ ಹೋಲಿಸಿ ನೋಡ್ರಿ.

4. ಸಾವಯವ ಪ್ರಮಾಣಪತ್ರ ಇರುವವರು ಹೊರಗಿನ ಯಾವುದೇ ಬೂದಿ ತರುವ ಮೊದಲು ಪ್ರಮಾಣೀಕರಣ ಸಂಸ್ಥೆಯ ಲಿಖಿತ ಒಪ್ಪಿಗೆ ತಗೊಳ್ರಿ.

ಕೊನೆಗೆ ನಮ್ಮ ಬದುವಿನ ಮಾತು. ಹರಿದ ಮಲ್ಚಿಂಗ್ ಶೀಟ್, ಹಳೇ ಡ್ರಿಪ್ ಪೈಪು, ಔಷಧ ಡಬ್ಬಿಗಳಿಗೆ ಬದುವಿನ ಮ್ಯಾಲೆ ಬೆಂಕಿ ಹಚ್ಚಿದ್ರ ಅದು ಶೋಧಕವೇ ಇಲ್ಲದ ಬಾಯ್ಲರ್. ಕಬ್ಬಿನ ರವದಿ ಸುಡೋದೂ ನಿಲ್ಲಬೇಕು. ಸಾಲಿನ ನಡುವೆ ಹಾಸಿದ್ರ ತೇವ ಉಳೀತದ, ಕಳೆ ಕಡಿಮೆ ಆಗ್ತದ. ನಾವು ಬೆಂಕಿ ಬಿಟ್ಟು ಕಾರ್ಖಾನೆಯವರನ್ನು ಪ್ರಶ್ನೆ ಮಾಡಿದ್ರ ಆ ಮಾತಿಗೆ ತೂಕ ಇರ್ತದ. ಮುಂದಿನ ಹಂಗಾಮಿನ ಬೂದಿ ಹೊಲಕ್ಕೆ ಬರೋ ಮೊದಲೇ ನಿಮ್ಮೂರಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಿರಿ.